ಕಾಕಾ ಕಟ್ಟಿ ಮುಗಿಸದ ಕೋಣೆ

ಹತ್ತಡಿ ಉದ್ದ, ಎಂಟಡಿ ಅಗಲದ ಒಂದು ಕೋಣೆಯನ್ನು ಏಳು ಸಲ ಕಟ್ಟಿ ಒಂದು ಸಲವೂ ಮುಗಿಸದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರ ಮನೆಯಲ್ಲಿ ಚಹಾ ಕುಡಿದಿದ್ದೇನೆ. ಅವರು ಒಡೆಸುತ್ತಿದ್ದ ಗೋಡೆಯ ಧೂಳು ಆ ಚಹಾದಲ್ಲೇ ಬಿದ್ದಾಗ ಬೆರಳಿನಿಂದ ತೆಗೆದು ಮತ್ತೆ ಕುಡಿದಿದ್ದೇನೆ. ಅವರು ಹುಮನಾಬಾದಿನಲ್ಲಿರುವ ನನ್ನ ಕಾಕಾ, ಅಪ್ಪನ ತಮ್ಮ; ನಾನು ಅವರ ಅಣ್ಣನ ಮಗಳು. ಏಳು ಸಲ ಎನ್ನುವುದು ನನ್ನ ನೆನಪು. ನನ್ನ ಡೈರಿ ತೆಗೆದು ನೋಡಿದರೆ ಐದು ಸಲ ಎಂದಿದೆ. ಕಾಕಾನನ್ನು ಕೇಳಿದರೆ ಒಂದೇ ಸಲ, ಅದೂ ಇನ್ನೂ ನಡೆದಿದೆ ಎನ್ನುತ್ತಾರೆ. ಮೂರರಲ್ಲಿ ಯಾವುದನ್ನು ನಂಬುತ್ತೀರೋ ನಿಮಗೆ ಬಿಟ್ಟದ್ದು. ನನಗಂತೂ ನನ್ನ ನೆನಪಿನ ಮೇಲೆ ಅಷ್ಟೇನೂ ಭರವಸೆ ಇಲ್ಲ.

ಕೋಣೆ ಯಾತರದು? ಈಜುಕೊಳದ ಮಗ್ಗುಲಿನದು! ಹೌದು, ಹುಮನಾಬಾದಿನ ಮನೆಯೊಂದರ ಹಿತ್ತಲಿನಲ್ಲಿ, ನುಗ್ಗೆ ಗಿಡಕ್ಕೂ ಪೇರಲ ಗಿಡಕ್ಕೂ ನಡುವೆ, ಎದೆಮಟ್ಟದ ಈಜುಕೊಳ. ಕಾಕಾಗೆ ಈಜು ಬರುವುದಿಲ್ಲ. ಅವರ ಹೆಂಡತಿಗೆ, ನಾವು ಕಾಕು ಎನ್ನುವವರಿಗೆ, ಈಜು ಹೋಗಲಿ, ಕೆರೆಯ ದಂಡೆ ಕಂಡರೂ ಆಗುವುದಿಲ್ಲ. ಹಾಗಾದರೆ ಕೊಳ ಯಾರಿಗೆ? ಕಾಕುವಿನ ಎರಡು ಮೊಣಕಾಲಿಗೆ.

ಸಂಕ್ರಾಂತಿ ಮುಗಿಸಿಕೊಂಡು ಕಲಬುರಗಿಯ ಎಲುಬಿನ ಡಾಕ್ಟರ ಬಳಿ ಹೋಗಿದ್ದರು. ಕಾಕು ಆಗಲೇ ಕೆಳಗೆ ಕೂತು ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದರು. ನಿಂತು ಬಡಿದ ರೊಟ್ಟಿ ರೊಟ್ಟಿಯೇ ಅಲ್ಲ ಎಂಬ ದುಃಖ ಅವರಿಗೆ ನೋವಿಗಿಂತ ದೊಡ್ಡದಾಗಿತ್ತು. ಡಾಕ್ಟರು ನೆಟ್ಟಗೆ ಹೇಳಿದರಂತೆ: ದಿನಾ ಎದೆಮಟ್ಟದ ನೀರಿನಲ್ಲಿ ಅರ್ಧ ತಾಸು ನಡೆಯಬೇಕು, ಕನಿಷ್ಠ ನಾಲ್ಕು ತಿಂಗಳು. ಗಣಪತಿ ಹಬ್ಬ ಮುಗಿಸಿ ಬನ್ನಿ, ಆಗ ನೋಡಿ ಆಪರೇಶನ್ ಬೇಕೋ ಬೇಡವೋ ಹೇಳುತ್ತೇನೆ. ಆಪರೇಶನ್ ಎಂಬ ಶಬ್ದ ಕೇಳಿದ್ದೇ ಕಾಕು ಬಸ್ಸಿನಲ್ಲಿ ಹುಮನಾಬಾದ್ ಬರುವವರೆಗೆ ಮಾತೇ ಆಡಲಿಲ್ಲವಂತೆ. ಅವರ ನಲವತ್ತು ವರ್ಷದ ಸಂಸಾರದಲ್ಲಿ ಅದೇ ಮೊದಲು ಎಂದು ಕಾಕಾ ಹೇಳುತ್ತಾರೆ.

ಕಾಕಾ ಮೂವತ್ತು ವರ್ಷ ಕಾಲುವೆ ಕಟ್ಟಿಸುವ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದವರು. ನೀರನ್ನು ಎಲ್ಲಿಂದ ಎಲ್ಲಿಗೆ ಬೇಕಾದರೂ ಒಯ್ಯಬಲ್ಲೆ, ಹೆಂಡತಿಯನ್ನು ಮಾತ್ರ ನೀರಿನ ತನಕ ಒಯ್ಯಲಾರೆನೇ ಎಂದುಕೊಂಡು ಒಂದೇ ತಿಂಗಳಲ್ಲಿ ಹಿತ್ತಲು ಅಗೆಸಿ, ಮೂರು ಕಡೆ ಎತ್ತರದ ಗೋಡೆ ಎಬ್ಬಿಸಿ, ಕೊಳ ತಯಾರು ಮಾಡಿಯೇಬಿಟ್ಟರು. ಆಗ ಕಾಕು ತಮ್ಮ ಷರತ್ತು ಹಾಕಿದರು.

“ಹಸಿ ಸೀರಿ ಮ್ಯಾಗ ಅಂಗಳಾ ದಾಟಂಗಿಲ್ಲ ನಾ. ನೀರಿನ ಮಗ್ಗಲಕ್ಕ ಮುಚ್ಚಿದ ಖೋಲಿ ಇದ್ರ ಇಳೀತೇನಿ. ಇಲ್ಲಂದ್ರ ಇಲ್ಲ.”

ಕೊಳದ ನಾಲ್ಕನೆಯ ಬದಿಗೆ, ದನ ಇದ್ದ ಕಾಲದಲ್ಲಿ ಹೊಟ್ಟು ತುಂಬಿಡುತ್ತಿದ್ದ ಒಂದು ಹಳೆಯ ಕೋಣೆ ಇತ್ತು. ಅದರ ಒಳಗನ್ನಷ್ಟೇ ಸರಿಪಡಿಸಿದರಾಯಿತು. ಅಂಗಳದ ಕಡೆಯಿಂದ ಒಳಗೆ ಹೋಗಿ, ಸೀರೆ ಬದಲಿಸಿ, ಆಚೆ ಬದಿಯ ಮೆಟ್ಟಿಲಿನಿಂದ ನೇರ ನೀರಿಗೆ! ಹದಿನೈದು ದಿನದ ಕೆಲಸ ಎಂದರು ಕಾಕಾ. ಆ ಹದಿನೈದು ದಿನ ಶಿವರಾತ್ರಿಗೆ ಶುರುವಾದವು.

ಗೌಂಡಿ ಕೆಲಸಕ್ಕೆ ನಾನಿರುವ ಬಸವಕಲ್ಯಾಣದಿಂದಲೇ ಒಬ್ಬ ಮುದುಕರನ್ನು ಕರೆಸಿದರು. ಎಲ್ಲರಿಗೂ ಅವರು ಚಾಚಾ. ಅವರು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಅದು ಯಾವ ಕಡೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಲ್ಲುತ್ತದೆ. ಅಂಥವರು ಶಹಾಬಾದಿನ ಫರ್ಸಿಕಲ್ಲನ್ನು ಕನ್ನಡಿಯ ಹಾಗೆ ಹಾಸಿ ಮುಗಿಸಿದರು. ಕಾಕಾ ಹಿಗ್ಗಿ, ತಮ್ಮ ಗೆಳೆಯರಾದ ನಿವೃತ್ತ ಹೆಡ್‌ಮಾಸ್ತರರನ್ನು ಕರೆದು ತೋರಿಸಿದರು. ಎಲ್ಲ ಅನಾಹುತ ಶುರುವಾದದ್ದು ಅಲ್ಲಿಂದ.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ನಮ್ಮ ಕಡೆ ಹೊಸ ಮನೆಯನ್ನಾಗಲಿ ಹೊಸ ಎಮ್ಮೆಯನ್ನಾಗಲಿ ಯಾರೂ ಪೂರ್ತಿ ಹೊಗಳುವುದಿಲ್ಲ. ಪೂರ್ತಿ ಹೊಗಳಿದರೆ ನೆದರ, ಅಂದರೆ ದೃಷ್ಟಿ, ತಾಕುತ್ತದೆ. ಅದಕ್ಕೆ ಹಿರಿಯರು, ತಿಳಿದವರು, ಎಲ್ಲ ನೋಡಿ ತಲೆದೂಗಿ ಕೊನೆಗೆ ಒಂದು ಸಣ್ಣ ಖೋಡಿ ತೆಗೆಯುತ್ತಾರೆ. ಅದು ದೋಷವಲ್ಲ, ಆಶೀರ್ವಾದ! ಮಗುವಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಟ್ಟ ಹಾಗೆ. ಹೆಡ್‌ಮಾಸ್ತರರೂ ಚಹಾ ಮುಗಿಸಿ, ಕಪ್ಪುಬಸಿ ಕೆಳಗಿಟ್ಟು, ಆ ಬೊಟ್ಟನ್ನು ಇಟ್ಟರು.

“ಎಲ್ಲಾ ಛಲೋ ಆಗ್ಯದ ನೋಡ್ರಿ. ಖರೆ, ಈ ಫರ್ಸಿ ಒಂದೀಟು ಜಾರ್ತದೇನೋ.”

ಮಾರನೆಯ ದಿನ ಫರ್ಸಿ ಎದ್ದಿತು. ಅಷ್ಟೂ ಕಲ್ಲು! ಮೊಣಕಾಲು ನೋವಿನವಳು ಜಾರಿ ಬಿದ್ದರೆ ಗತಿಯೇನು ಎಂದು ಕಾಕಾ ಇಡೀ ಓಣಿಗೆ ಕೇಳುವಂತೆ ವಾದಿಸಿದರು. ಒರಟು ಟೈಲ್ಸ್ ಬಂದವು. ಅವನ್ನು ನೋಡಲು ಪಕ್ಕದ ಮನೆಯಾಕೆ ಬಂದರು. ಟೈಲ್ಸ್ ಬಹಳ ಚಂದ, ಕಿಟಕಿ ಮಾತ್ರ ಸ್ವಲ್ಪ ಕೆಳಗಾಯಿತೇನೋ ಎಂದರು. ಕಿಟಕಿ ಮುಚ್ಚಿತು. ಹುಲಸೂರಿನಿಂದ ಬೀಗರು ಬಂದರು. ಎಲ್ಲ ಅಚ್ಚುಕಟ್ಟು, ಒಳಗೆ ಕತ್ತಲೆ ಅನಿಸುತ್ತದೆ ಅಷ್ಟೆ ಎಂದರು. ಕತ್ತಲೆ ಇರದೆ ಏನು, ಕಿಟಕಿಯನ್ನೇ ಮುಚ್ಚಿದ್ದಾರಲ್ಲ! ಕಾಕಾ ಮೇಲ್ಗಡೆ ಇನ್ನೊಂದು ಕಿಟಕಿ ಕೊರೆಸಿದರು. ಇನ್ನೂ ಬೆಳಕು ಬರಲೆಂದು ಗೋಡೆಗೆ ಹಾಲುಗುಲಾಬಿ ಬಣ್ಣ ಹೊಡೆಸಿದರು. ಕಾಕು ಹೊಸ್ತಿಲಲ್ಲೇ ನಿಂತು ಇಣುಕಿ ನೋಡಿ, ಹಲ್ಲಿನ ದವಾಖಾನೆ ಇದ್ದ ಹಾಗಿದೆ, ಒಳಗೆ ಹೋದರೆ ಯಾರಾದರೂ ಹಲ್ಲು ಕೀಳುತ್ತಾರೇನೋ ಎಂದು ಹೇಳಿ ತಿರುಗಿ ಅಡುಗೆಮನೆಗೆ ಹೋದರು. ಬಣ್ಣವೂ ಹೋಯಿತು.

ಬಿಡುವಿದ್ದ ದಿನ ನಾನೂ ಚಾಚಾನೂ ಒಂದೇ ಬಸ್ಸಿನಲ್ಲಿ ಹುಮನಾಬಾದಿಗೆ ಹೋಗುತ್ತಿದ್ದೆವು. ಅವರ ಕಾಲ ಬಳಿ ದೊಡ್ಡದೊಂದು ಚೀಲ. ಇವತ್ತೇನು ಕೆಲಸ ಚಾಚಾ ಎಂದರೆ ನಿಟ್ಟುಸಿರು ಬಿಡುತ್ತಿದ್ದರು.

“ಕಟ್ಟೂದದನೋ ಒಡಿಯೂದದನೋ ಅಂತ ಮನ್ಯಾಗೂ ಕೇಳ್ತಾರವ್ವಾ. ನಾ ಏನ ಹೇಳ್ಲಿ? ಎರಡೂ ಸಾಮಾನ ತಗೊಂಡ ಹೊಂಟೇನಿ.”

ಖೋಡಿ ತೆಗೆಯುವ ಈ ಪದ್ಧತಿ ಕಾಕಾಗೆ ಗೊತ್ತಿರಲಿಲ್ಲವೇ? ಗೊತ್ತಿಲ್ಲದೆ ಏನು, ಅದರಲ್ಲಿ ಅವರು ಪಂಡಿತರು! ನಮ್ಮ ಮನೆಗೆ ಹೊಸ ಮೆಟ್ಟಿಲು ಕಟ್ಟಿಸಿದಾಗ ಬಂದು, ಹತ್ತಿ ಇಳಿದು, ಒಂದು ಮೆಟ್ಟಿಲು ಹೆಚ್ಚಾಯಿತು ಎಂದು ಹೇಳಿ ಹೋಳಿಗೆ ಉಂಡು ಹೋಗಿದ್ದರು. ನಾನು ಅದನ್ನೇ ನೆನಪಿಸಿದೆ.

“ಅದು ನೆದರ ತಾಕಬಾರ್ದಂತ ಅಂದಿದ್ದು ಬೇ,” ಎಂದರು ಕಾಕಾ.

“ಹಂಗಾದ್ರ ನಿಮಗ ಅಂದವ್ರೂ ಅದಕ್ಕ ಅಂದಿರಬೇಕಲ್ಲ ಕಾಕಾ?”

“ಇಲ್ಲಿಲ್ಲ, ಅವ್ರು ಖರೇನ ಅಂದಾರ. ಅವ್ರ ಮಾರಿ ನೋಡಿದ್ರ ತಿಳೀತದ.”



ಕೊನೆಗೆ ಉಪಾಯ ಹೂಡಿದವರು ಚಾಚಾ. ಕಣ್ಣಿಗೆ ಹೊಡೆಯುವ ಜಾಗದಲ್ಲಿ ಒಂದು ಟೈಲನ್ನು ಬೇಕಂತಲೇ ಸೊಟ್ಟಗೆ ಕೂಡಿಸಿಬಿಡೋಣ. ಬಂದವರು ಅದನ್ನೇ ಖೋಡಿ ಎಂದು ಹೇಳಿ ಹೋಗುತ್ತಾರೆ, ಉಳಿದದ್ದು ಉಳಿಯುತ್ತದೆ. ಎಂಥ ತಲೆ! ಹಾಗೆಯೇ ಮಾಡಿದರು. ಮತ್ತೆ ಹೆಡ್‌ಮಾಸ್ತರರನ್ನು ಕರೆದರು. ಅವರು ಸೊಟ್ಟ ಟೈಲನ್ನು ನೋಡಿದರು, ಪಾಪ, ಗೌಂಡಿಯ ಕಣ್ಣು ಮಂಜಾಗಿದೆ, ವಯಸ್ಸಾದವರ ಮನಸ್ಸು ನೋಯಿಸುವುದೇಕೆ ಎಂದುಕೊಂಡಿರಬೇಕು, ಅದರ ಸುದ್ದಿಯನ್ನೇ ತೆಗೆಯದೆ ಬಾಗಿಲು ಎಡಕ್ಕೆ ತೆರೆಯುವ ಬದಲು ಬಲಕ್ಕೆ ತೆರೆದಿದ್ದರೆ ಚೆನ್ನಾಗಿತ್ತು ಎಂದರು. ಬಾಗಿಲು ಚೌಕಟ್ಟಿನ ಸಮೇತ ಬಡಿಗೇರರ ಅಂಗಡಿಗೆ ಹೋಯಿತು. ಸೊಟ್ಟ ಟೈಲನ್ನು ನೋಡಿ ನೋಡಿ ತಮಗೇ ಊಟ ಸೇರದಾದಾಗ ಕಾಕಾ ಅದನ್ನೂ ಕೀಳಿಸಿದರು. ಅದರ ಜತೆ ಸುತ್ತಲಿನ ಒಳ್ಳೆಯ ಎಂಟು ಟೈಲ್ಸ್ ಕಿತ್ತುಬಂದವು.

ಇಷ್ಟು ಹೊತ್ತು ನಾನು ಬೇರೆಯವರನ್ನೇ ಹಂಗಿಸುತ್ತಿದ್ದೇನೆ, ಅಲ್ಲವೇ? ಕೋಣೆಯೊಳಗೆ ಕೂರಲು ಒಂದು ಕಲ್ಲಿನ ಕಟ್ಟೆ ಕಟ್ಟಿದ್ದರು. ಅದು ತುಸು ಎತ್ತರವಾಯಿತು ಎಂದು ಯಾರೋ ಅಂದದ್ದಕ್ಕೆ ಅದನ್ನು ಎರಡು ವಾರ ಕೂತು ತಗ್ಗಿಸಿದರು. ಆ ಮಾತೂ ಹೆಡ್‌ಮಾಸ್ತರರದೇ ಎಂದು ನಾನು ಗಟ್ಟಿಯಾಗಿ ನಂಬಿದ್ದೆ, ನಾಲ್ಕು ಜನರ ಮುಂದೆ ಹೇಳಿ ನಗಿಸಿಯೂ ಇದ್ದೆ. ಇದನ್ನು ಬರೆಯಲು ಡೈರಿ ತಿರುವಿದಾಗ ನನ್ನದೇ ಅಕ್ಷರ ಕಾಣಿಸಿತು: “ಕಾಕಾನ ಕೋಣೆ ಬಹಳ ಚೆನ್ನಾಗಿದೆ. ಕಟ್ಟೆ ಸ್ವಲ್ಪ ಎತ್ತರ ಎಂದೆ.” ಎಂದೆ! ಚಹಾ ಕುಡಿದು, ಚೂಡಾ ತಿಂದು, ಅಭ್ಯಾಸಬಲದಿಂದ ಅಂದಿದ್ದೆ. ಹೆಡ್‌ಮಾಸ್ತರರಲ್ಲಿ ಇಲ್ಲಿಂದಲೇ ಕ್ಷಮೆ ಕೇಳುತ್ತೇನೆ.

ಬಸವ ಜಯಂತಿ ಮುಗಿದ ವಾರ ನಾನು ಮತ್ತೆ ಹೋದೆ. ಬಿಸಿಲು ಸುಡುತ್ತಿತ್ತು. ಕೊಳದಲ್ಲಿ ನೀರು ತುಂಬಿ ಎಷ್ಟೋ ದಿನವಾಗಿ, ಪೇರಲದ ಎಲೆಗಳು ಅದರಲ್ಲಿ ಹಾಯಾಗಿ ತೇಲುತ್ತಿದ್ದವು. ಅಲ್ಲಿಯವರೆಗೆ ಆ ಕೊಳದ ಸುಖ ಉಂಡವು ಅವು ಮಾತ್ರ. ಕಾಕು ನನಗೆ ನೀರು ತರಲೆಂದು ಎದ್ದರು. ಅಡುಗೆಮನೆಯ ಹೊಸ್ತಿಲು ದಾಟುವಾಗ ಒಂದು ಕೈ ಗೋಡೆಗೆ ಊರಿ, ಇನ್ನೊಂದು ಕೈಯಿಂದ ತೊಡೆ ಹಿಡಿದು ಕಾಲನ್ನು ಎತ್ತಿ ಆಚೆ ಇಟ್ಟರು. ಸಂಕ್ರಾಂತಿಯಲ್ಲಿ ಹಾಗೆ ಮಾಡುತ್ತಿರಲಿಲ್ಲ. ಅದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಕಾಕಾನೂ ನೋಡಿದರು. ನೋಡಿ, ಅಳತೆಯ ಟೇಪನ್ನು ಪೂರಾ ಎಳೆದು, ಏನನ್ನೂ ಅಳೆಯದೆ ಮತ್ತೆ ಸುತ್ತಿಕೊಂಡರು.

ನೀರಿನ ತಂಬಿಗೆ ಕೈಗೆ ಕೊಡುತ್ತ ಕಾಕು ಬೆರಳು ಮಡಚಿ ಎಣಿಸಿದರು.

“ಗಣಪತಿ ಚವತಿಗೆ ನಾಕು ತಿಂಗಳ ಉಳೀತು. ನಾಳಿ ಮುಂಜಾನಿ ಇಳೀತೇನಿ ನಾ.”

ಕಾಕಾ ಗಾಬರಿಯಾದರು. ಬಾಗಿಲೇ ಇಲ್ಲ, ಬಡಿಗೇರ ಸೋಮವಾರ ಕೊಡುತ್ತೇನೆ ಎಂದಿದ್ದಾನೆ, ಒಂದು ಕಡೆ ಟೈಲ್ಸ್ ಇಲ್ಲ, ಮೂರು ದಿನ ತಡೆದರೆ ಎಲ್ಲ ಆಗುತ್ತದೆ ಎಂದು ಸಮಜಾಯಿಷಿ ಹೇಳತೊಡಗಿದರು.

“ನೀವು ಸೋಮಾರ ಅಂತೀರಿ. ನಿಮ್ಮ ಸೋಮಾರದಾಗ ನನ್ನ ಕಾಲು ಹೋಗಾಕತ್ತಾವ,” ಎಂದರು ಕಾಕು. ದನಿ ಏರಿಸಲಿಲ್ಲ. ಕಾಕಾ ಅಂದು ಚಾಚಾನನ್ನು ಮಧ್ಯಾಹ್ನವೇ ಮನೆಗೆ ಕಳಿಸಿದರು.

ಮರುದಿನ ಮುಂಜಾನೆ, ರಾತ್ರಿ ಅಲ್ಲೇ ಉಳಿದಿದ್ದ ನಾನು ಕಾಕುವಿನ ತೋಳು ಹಿಡಿದು ಕೋಣೆಯೊಳಗೆ ಕರೆದುಕೊಂಡು ಹೋದೆ. ಬಾಗಿಲು ಇರಬೇಕಾಗಿದ್ದ ಕಡೆ ಕಾಕಾ ನಿಂತರು, ದೊಡ್ಡದೊಂದು ಚಾದರವನ್ನು ಎರಡೂ ಕೈಯಿಂದ ತಲೆಗಿಂತ ಎತ್ತರಕ್ಕೆ ಹಿಡಿದುಕೊಂಡು. ಒಳಗಿನಿಂದ ನಮಗೆ ಕಾಣುತ್ತಿದ್ದದ್ದು ಹತ್ತು ಬೆರಳು, ಕೆಳಗೆ ಎರಡು ಪಾದ. ಎಪ್ಪತ್ತರ ಹತ್ತಿರದ ಮನುಷ್ಯ! ತೋಳು ಸೋತು ಚಾದರದ ಮೇಲಿನ ಹೂವುಗಳೆಲ್ಲ ಅಲುಗುತ್ತಿದ್ದವು. ನನಗೆ ನಗು ತಡೆಯಲಾಗಲಿಲ್ಲ. ಕಾಕುವೂ ನಕ್ಕರು. ಹಳೆಯ ಸೀರೆ ಉಟ್ಟು ಸೆರಗು ಬಿಗಿದು ಮೆಟ್ಟಿಲಿಗೆ ಬಂದರು.

ಮೊದಲ ಮೆಟ್ಟಿಲಿನಲ್ಲಿ ನೀರು ಪಾದ ಮುಟ್ಟಿತು. ಕಾಕುವಿನ ನಗು ನಿಂತಿತು. ನನ್ನ ಮುಂಗೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಬಳೆ ಒತ್ತಿ ನೋವಾಯಿತು. ಎರಡನೆಯ ಮೆಟ್ಟಿಲಿಗೆ ಕಾಲು ಚಾಚಿ ಹಿಂದೆ ತೆಗೆದರು. ಮತ್ತೆ ಚಾಚಿ ಮತ್ತೆ ತೆಗೆದರು. ಆಮೇಲೆ ಹಿಂದಕ್ಕೆ ತಿರುಗಿ ಚಾದರದ ಕಡೆ ನೋಡಿದರು.

“ಚಾದರ ಒಂದೀಟು ಕೆಳಗ ಹಿಡೀರಿ.”

“ಯಾರರ ನೋಡ್ಯಾರು,” ಎಂದಿತು ಚಾದರ.

“ನೋಡಿದ್ರ ನೋಡ್ಲಿ. ನಿಮ್ಮ ಮಾರಿ ಕಾಣವಲ್ದು. ನನಗ ಅಂಜಿಕಿ ಬರಾಕತ್ತದ.”

ಚಾದರ ಮೆಲ್ಲಗೆ ಇಳಿಯಿತು. ಮೊದಲು ಸುಣ್ಣ ಮೆತ್ತಿದ ಬಿಳಿಗೂದಲು, ಆಮೇಲೆ ಹಣೆ, ಕನ್ನಡಕ, ಗದ್ದ. ಕಾಕು ಆ ಮುಖವನ್ನೇ ನೋಡುತ್ತ, ನನ್ನ ಕೈ ಬಿಟ್ಟು, ಹಿಂದೆ ಹಿಂದಕ್ಕೆ ಒಂದೊಂದೇ ಮೆಟ್ಟಿಲು ನೀರಿಗೆ ಇಳಿದರು.