ಬಿಸಿನೀರು, ಮುಕ್ಕಾಲು ಹೊಟ್ಟೆ ಮತ್ತು ಗಿರಿಜೆಯ ಕಿಡ್ನಿ

ಗಲ್ಫಿನಲ್ಲಿರುವ ನಮ್ಮಂಥವರಿಗೆ ಆರೋಗ್ಯದ ನೆನಪಾಗುವುದು ಎರಡೇ ಸಂದರ್ಭದಲ್ಲಿ. ಒಂದು, ವೀಸಾ ನವೀಕರಣದ ಪರೀಕ್ಷೆಗೆಂದು ರಕ್ತ ಕೊಡುವಾಗ. ಇನ್ನೊಂದು, ಆ ವೀಸಾವೇ ಕೈಬಿಟ್ಟು ಹೋಗುವಾಗ. ಮೊದಲನೆಯದಕ್ಕೆ ಹೆದರಿ ಯಾರೂ ವಾರಕ್ಕಿಂತ ಹೆಚ್ಚು ಪಥ್ಯ ಮಾಡಿದ್ದನ್ನು ನಾನು ಕಂಡಿಲ್ಲ. ಎರಡನೆಯದು ಮಾತ್ರ ಮನುಷ್ಯನನ್ನು ಯೋಗಿ ಮಾಡಿಬಿಡುತ್ತದೆ. ಅನುಭವದಿಂದ ಹೇಳುತ್ತಿದ್ದೇನೆ. ದುಬೈನ ಜೆಬೆಲ್ ಅಲಿಯ ಗೋದಾಮೊಂದರಲ್ಲಿ ಬಹಳ ವರ್ಷ ಸರಕಿನ ಉಸ್ತುವಾರಿ ನೋಡಿಕೊಂಡಿದ್ದ ನನ್ನನ್ನು ಮ್ಯಾನೇಜರು ಒಂದು ದಿನ ಒಳಗೆ ಕರೆದು ಚಹಾ ತರಿಸಿದರು. ಅವರು ಎಂದೂ ಯಾರಿಗೂ ಚಹಾ ತರಿಸಿದವರಲ್ಲ. ಚಹಾದ ಕಪ್ಪು ಕಂಡಾಗಲೇ ಸುದ್ದಿ ಏನೆಂದು ಗೊತ್ತಾಯಿತು. ಎರಡು ತಿಂಗಳ ನೋಟಿಸು, ಆಮೇಲೆ ವೀಸಾ ಖಲಾಸ್. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ, ಹತ್ತನೆಯ ತರಗತಿಯಲ್ಲಿರುವ ಮಗಳನ್ನು ಪರೀಕ್ಷೆಗೆ ಮುಂಚೆಯೇ ಶಾಲೆ ಬಿಡಿಸಿ, ಗಂಟುಮೂಟೆ ಕಟ್ಟಿಕೊಂಡು ಗದಗಿನ ದಾರಿ ಹಿಡಿಯಬೇಕು.

ಇದನ್ನು ಆ ದಿನವೇ ಹೆಂಡತಿ ಗಿರಿಜೆಗೆ ಹೇಳಬೇಕಿತ್ತು. ಹೇಳದಿರಲು ಕಾರಣ ಸಿಕ್ಕಿದ್ದು ಪಕ್ಕದ ಮೇಜಿನ ಲಿಯು ಮೇಡಂ ಕಡೆಯಿಂದ. ಹೊರಗೆ ಡಾಂಬರು ಕರಗುವ ಬಿಸಿಲಿದ್ದರೂ ಫ್ಲಾಸ್ಕಿನಿಂದ ಬಿಸಿನೀರನ್ನೇ ಗುಟುಕರಿಸುವ ಚೀನೀ ಹೆಂಗಸು ಅವರು. ನಾನು ತಂಪು ಪಾನೀಯದ ಡಬ್ಬಿ ತೆರೆದಾಗಲೆಲ್ಲ ಮರುಕದಿಂದ ನೋಡಿ, ತಮ್ಮ ದೇಶದ ಹಳೆಯ ವೈದ್ಯಶಾಸ್ತ್ರವನ್ನು ಬೋಧಿಸುತ್ತಿದ್ದರು. ತಂಪು ಹೊಟ್ಟೆಯ ಬೆಂಕಿಯನ್ನು ಆರಿಸುತ್ತದೆ. ಹೊಟ್ಟೆ ಮುಕ್ಕಾಲು ತುಂಬಿದಾಗಲೇ ಕೈ ತೊಳೆಯಬೇಕು. ಉಂಡ ಮೇಲೆ ನಡೆಯಬೇಕು, ಬೇಗ ಮಲಗಬೇಕು, ಕುತ್ತಿಗೆಗೆ ತಣ್ಣನೆಯ ಗಾಳಿ ತಾಗಿಸಬಾರದು. ಅರ್ಧ ಮಾತು ನಮ್ಮ ಅಜ್ಜಿಯೂ ಹೇಳಿದ್ದೇ. ಅಜ್ಜಿಯ ಮಾತಿಗೆ ಪರದೇಶದ ಮುದ್ರೆ ಇರಲಿಲ್ಲವಾದ್ದರಿಂದ ನಾವು ಕೇಳಲಿಲ್ಲ. ಇನ್ನೂ ಒಂದು ತತ್ವವಿತ್ತು. ಒಂದೊಂದು ಭಾವನೆ ಒಂದೊಂದು ಅಂಗವನ್ನು ಕೆಡಿಸುತ್ತದಂತೆ. ಸಿಟ್ಟು ಯಕೃತ್ತನ್ನು, ದುಃಖ ಪುಪ್ಪುಸವನ್ನು, ಭಯ ಮೂತ್ರಪಿಂಡವನ್ನು. ಗಿರಿಜೆಗೆ ಹಿಂದಿನ ವರ್ಷವಷ್ಟೇ ಕಿಡ್ನಿಯಲ್ಲಿ ಕಲ್ಲಾಗಿತ್ತು. ಕೆಲಸ ಹೋಯಿತೆಂದರೆ ಹೆದರುತ್ತಾಳೆ, ಹೆದರಿದರೆ ಕಿಡ್ನಿ ಹಾಳಾಗುತ್ತದೆ. ಹೇಡಿಗೆ ಒಂದು ನೆಪ ಸಾಕು. ನನಗೆ ಸಿಕ್ಕ ನೆಪಕ್ಕೆ ಸಾವಿರಾರು ವರ್ಷಗಳ ಇತಿಹಾಸವಿತ್ತು.

ಆದರೆ ಖರ್ಚು ತಗ್ಗಿಸಲೇಬೇಕಲ್ಲ, ಅದಕ್ಕೂ ಶಾಸ್ತ್ರವೇ ಒದಗಿತು. "ಗಿರಿಜಾ, ನಿನ್ನ ಕಿಡ್ನಿಗೆ ಇದು ಭಾಳ ಚಲೋ ಅಂತ," ಎಂದು ಶುರುಮಾಡಿದೆ. ಮುಕ್ಕಾಲು ಹೊಟ್ಟೆಯ ನಿಯಮದಿಂದ ರಜೆಯ ದಿನದ ಹೋಟೆಲು ನಿಂತಿತು. ನಡಿಗೆಯ ನಿಯಮದಿಂದ ಟ್ಯಾಕ್ಸಿ ನಿಂತಿತು. ಬೇಗ ಮಲಗುವ ನಿಯಮದಿಂದ ದೀಪ ಆರಿತು, ಕುತ್ತಿಗೆಯ ನಿಯಮದಿಂದ ಸೆಪ್ಟೆಂಬರಿನ ಸೆಕೆಯಲ್ಲಿ ಎ.ಸಿ. ಬಂದಾಯಿತು. "ಅಪ್ಪಾ, ಐ ಆಮ್ ಮೆಲ್ಟಿಂಗ್! ವಿಚ್ ಡಾಕ್ಟರ್ ಸೆಡ್ ದಿಸ್?" ಎಂದು ಮಗಳು ಪುಸ್ತಕದಿಂದಲೇ ಗಾಳಿ ಬೀಸಿಕೊಂಡಳು. ಆ ಪ್ರಾಚೀನ ವೈದ್ಯರೆಲ್ಲ ನೋಟಿಸಿನ ಮೇಲೆ ಇದ್ದವರೇ ಇರಬೇಕೆಂದು ನನಗೆ ಅನುಮಾನ ಹುಟ್ಟಿತು. ನಡುವೆ ಅಲ್ ಕೂಜ್‌ನಿಂದ ಅಬುಧಾಬಿಯವರೆಗೆ ಕಂಡ ಕಂಡ ಗೋದಾಮುಗಳ ಬಾಗಿಲು ತಟ್ಟಿ ಬಂದೆ. ಎಲ್ಲರೂ ನಕ್ಕು ಮಾತನಾಡಿಸಿದರು, ಫೋನ್ ಮಾಡುತ್ತೇವೆ ಎಂದರು. ಫೋನು ಬರಲಿಲ್ಲ. ಲಿಯು ಮೇಡಂ ಹೇಳಿದ ಅಂಗಗಳಲ್ಲಿ ನನ್ನದೊಂದೂ ನೆಟ್ಟಗೆ ಉಳಿದಿರಲಿಲ್ಲ.

ಗಿರಿಜೆ ಮಾತ್ರ ಅರಳಿದಳು. ಕಲ್ಲಿನ ನೋವಿನಲ್ಲಿ ಅವಳು ಆಸ್ಪತ್ರೆಗೆ ಹೋದಾಗ ನಾನು ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತ ಉಳಿದವನು; ಅಂಥ ಗಂಡ ಈಗ ತಾನೇ ನೀರು ಕಾಯಿಸಿ ಕೈಗೆ ಕೊಡುತ್ತಿದ್ದಾನೆ. ಬರ್ ದುಬೈ ದೇವಸ್ಥಾನದ ಓಣಿಯಲ್ಲಿ ಪರಿಚಯದ ಹೆಂಗಸರು ಸಿಕ್ಕರೆ, "ನಮ್ಮ ಮನಿಯವರು ನನ್ನ ಸಲುವಾಗಿ ತಾವೂ ತಂಪು ಬಿಟ್ಟಾರ್ರಿ," ಎಂದು ಹೇಳಿಕೊಳ್ಳುವಳು. ನಾನು ಪಕ್ಕದಲ್ಲೇ ನಿಂತು ಸೀರೆ ಅಂಗಡಿಯ ಬೋರ್ಡು ಓದುತ್ತಿದ್ದೆ. ಅಷ್ಟಕ್ಕೇ ಬಿಡದೆ ಅವಳು ಫೋನಿನಲ್ಲಿ ವಿಡಿಯೋ ನೋಡಿ ಚೀನೀ ವೈದ್ಯರಂತೆ ನಾಲಿಗೆ ಪರೀಕ್ಷಿಸುವುದನ್ನೂ ಕಲಿತಳು.

ಒಂದು ಬೆಳಿಗ್ಗೆ ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, "ನಾಲಗಿ ತೋರಸ್ರಿ," ಎಂದಳು. ಚಾಚಿದೆ.

"ಅಂಚಿಗೆಲ್ಲಾ ಹಲ್ಲಿನ ಗುರ್ತು ಬಿದ್ದಾವಲ್ರಿ. ಇದು ಚಿಂತಿ ಮಾಡೋರ ನಾಲಗಿ ಅಂತ. ಏನ್ ಚಿಂತಿ ಐತ್ರಿ ನಿಮಗ?"

ನಾಲಿಗೆ ಚಾಚಿಕೊಂಡು ಸುಳ್ಳು ಹೇಳಲಾಗುವುದಿಲ್ಲ. ಒಳಗೆ ಎಳೆದುಕೊಂಡ ಮೇಲೂ ಆಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಗಿರಿಜೆ ಹೆದರಲೇ ಇಲ್ಲ. "ಇದಕ್ಕ್ಯಾಕ ಇಷ್ಟು ಅಂಜೀರಿ? ಇಲ್ಲಿಗೆ ಬಂದೋರು ಒಂದಿನ ಹೋಗೋರ. ಮಗಳ ಪರೀಕ್ಷಾದ್ದೊಂದು ಏನರ ದಾರಿ ನೋಡೂಣು," ಎಂದಳು. ನನ್ನ ಜೀವ ಹಗುರಾಯಿತು. ಅಷ್ಟರಲ್ಲಿ ಅವಳ ಮುಖ ನಿಧಾನವಾಗಿ ಬಾಡಿತು.

"ಹಂಗಾರ ಈ ಬಿಸಿನೀರು, ಈ ವಾಕಿಂಗು, ಇವೆಲ್ಲಾ ನನ್ನ ಕಿಡ್ನಿ ಸಲುವಾಗಿ ಅಲ್ಲೇನ್ರಿ?"

ನಾನು ಕಿಟಕಿಯಾಚೆ ಓದಲು ಬೋರ್ಡು ಹುಡುಕಿದೆ.

"ಎಲ್ಲಾರ ಮುಂದ ಹೇಳ್ಕೊಂಡು ತಿರುಗಿದ್ನಲ್ರಿ ನಾನು," ಎಂದವಳ ಕಣ್ಣಿನಿಂದ ನೀರು ಇಳಿಯಿತು. ಕೆಲಸ ಹೋದ ದಿನವೂ ನನಗೆ ಇಷ್ಟು ನಾಚಿಕೆಯಾಗಿರಲಿಲ್ಲ, ಇಷ್ಟು ಸಂಕಟವೂ ಆಗಿರಲಿಲ್ಲ. ಬಾಯಿಗೆ ರೂಢಿಯಾಗಿದ್ದನ್ನೇ ಹೇಳಿದೆ: "ಅಳಬ್ಯಾಡ ಗಿರಿಜಾ. ದುಃಖ ಪುಪ್ಪುಸಕ್ಕ ಚಲೋ ಅಲ್ಲಂತ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು.

"ಯಾಕ್ರಿ, ಅಳಾಕೂ ಬಿಲ್ ಬರ್ತೈತೇನು?"

ಇಲ್ಲವೆನ್ನಲು ಬಾಯಿ ತೆರೆದೆ. ಆದರೆ ಆ ಮಾತನ್ನು ಅವಳ ಪುಪ್ಪುಸದ ಕಾಳಜಿಯಿಂದ ಆಡಿದ್ದೆನೋ, ಅವಳು ಅಳುವುದನ್ನು ನೋಡುವ ಕಷ್ಟ ನನಗೆ ಉಳಿತಾಯವಾಗಲಿ ಎಂದು ಆಡಿದ್ದೆನೋ, ನಿಜಕ್ಕೂ ನನಗೇ ಗೊತ್ತಿರಲಿಲ್ಲ.