ಕಾಕಾನ ಥರ್ಮಾಸಿನಲ್ಲಿ ಚಹಾ ಇಲ್ಲ

ನಮ್ಮ ಕಾಕಾ ಮನುಷ್ಯರನ್ನು ಮುಖ ನೋಡಿ ಗುರುತಿಸುವುದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಹಲ್ಲು ನೋಡಿ ಗುರುತಿಸುತ್ತಾನೆ! ಇಡೀ ವಿಜಯಪುರ ಜಿಲ್ಲೆಯಲ್ಲಿ ಯಾವ ದಂತವೈದ್ಯರೂ ನೋಡಿರದಷ್ಟು ಬಾಯಿಗಳನ್ನು ಅವನು ನೋಡಿದ್ದಾನೆ. ಅವುಗಳಲ್ಲಿ ಮುಕ್ಕಾಲು ಪಾಲು ಆಡಿನ ಬಾಯಿಗಳು ಎಂಬುದು ಬೇರೆ ಮಾತು.

ಕಾಕಾ ಎಂದರೆ ನಮ್ಮ ಅಪ್ಪನ ಕಿರಿಯ ತಮ್ಮ. ತಿಕೋಟಾದವನು. ಆಡು-ಕುರಿಗಳ ದಲಾಲ. ಸಂತೆಯಲ್ಲಿ ಆಡಿನ ಕೆಳತುಟಿಯನ್ನು ಹೆಬ್ಬೆರಳಿನಿಂದ ಎಳೆದು, ಒಂದು ಕ್ಷಣ ನೋಡಿ, "ನಾಕ್ಹಲ್ಲು" ಎಂದನೆಂದರೆ ಮುಗಿಯಿತು, ಅದರ ವಯಸ್ಸಿನ ಬಗ್ಗೆ ಮಾರುವವನೂ ಕೊಳ್ಳುವವನೂ ಮತ್ತೆ ಬಾಯಿಬಿಡುವುದಿಲ್ಲ. ಈ ಅಭ್ಯಾಸ ಸಂತೆಯಲ್ಲೇ ಉಳಿದಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ನಮ್ಮ ಕಚೇರಿಗೆ ಹೊಸದಾಗಿ ಬಂದ ಸಾಹೇಬರನ್ನು ಒಮ್ಮೆ ಮನೆಗೆ ಕರೆದಿದ್ದೆ. ಕಾಕಾ ನಮಸ್ಕಾರವನ್ನೂ ಹೇಳದೆ ಅವರ ಎದುರು ಕೂತು, ಅವರು ಚಹಾ ಕುಡಿಯುವುದನ್ನೇ ದಿಟ್ಟಿಸಿದ.

"ಸಾಹೇಬ್ರ, ಚಹಾ ಎಲ್ಲಾ ಬಲಕಿನ ದವಡಿಗೇ ಯಾಕ ಹಾಕಾಕತ್ತೀರಿ? ಎಡಕ್ಕೇನ ಐತಿ, ತೋರಸ್ರಿ ನೋಡೂಣು."

ಸಾಹೇಬರು ನನ್ನ ಮುಖ ನೋಡಿದರು. ನಾನು ಬಿಸ್ಕೀಟು ನೋಡಿದೆ. ಮುಂದಿನ ವಾರ ಅವರು ರಜೆ ಹಾಕಿ ಎಡಗಡೆಯ ಹುಳುಕು ಹಲ್ಲಿಗೆ ಚಿಕಿತ್ಸೆ ಮಾಡಿಸಿಕೊಂಡು ಬಂದರು. ನನ್ನ ಬಡ್ತಿ ತಡವಾದದ್ದು ಈ ಕಾರಣಕ್ಕೇ ಎಂದು ನಾನು ಹೇಳುತ್ತಿಲ್ಲ!

ಇಷ್ಟೆಲ್ಲ ಬಾಯಿ ನೋಡುವ ಕಾಕಾ ನೋಡದ ಬಾಯಿ ಲೋಕದಲ್ಲಿ ಒಂದೇ ಇತ್ತು. ಅದು ಅವನ ಮಗಳದು.

ಕಾಕಾನ ಮಗಳು ಸೈಕಲ್ ಪಟು. ವಿಜಯಪುರದ ರಸ್ತೆಗಳಲ್ಲಿ ಬೆಳಿಗ್ಗೆ ಸಾಲಾಗಿ ಸೈಕಲ್ ಓಡಿಸುವ ಹುಡುಗಿಯರನ್ನು ಕಂಡವರಿಗೆ ಇದೇನೂ ಆಶ್ಚರ್ಯದ ಸಂಗತಿಯಲ್ಲ. ಹದಿಮೂರರ ವಯಸ್ಸಿನಲ್ಲಿ ಅವಳು ಮನೆಯ ಮುಂದೆಯೇ ಸೈಕಲ್ಲಿನಿಂದ ಬಿದ್ದಳು. ಮೇಲಿನ ಮುಂಬಲ್ಲು ಬೇರುಸಹಿತ ಕಿತ್ತು ಬಂತು. ಅಂಗಳದಲ್ಲಿ ಬಿದ್ದ ಹಲ್ಲನ್ನು ಕಾಕಾ ಹೆಕ್ಕಿದ. ನಮ್ಮಲ್ಲಿ ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿಯ ಉಂಡೆಯೊಳಗಿಟ್ಟು ಮಾಳಿಗೆಯ ಮೇಲೆ ಎಸೆಯುತ್ತಾರೆ, ಹೊಸದು ಬೇಗ ಬರಲಿ ಎಂದು. ಕಾಕಾ ಮಾಡಿದ್ದೂ ಅದನ್ನೇ. ಊರಿನ ಆಡುಗಳ ವಯಸ್ಸು ಹಲ್ಲಿನಲ್ಲಿ ಓದುವವನು ಸ್ವಂತ ಮಗಳ ಕಾಯಂ ಹಲ್ಲನ್ನು ಹಾಲುಹಲ್ಲು ಎಂದು ತಿಳಿದು ಮಾಳಿಗೆಗೆ ಎಸೆದುಬಿಟ್ಟ! ಅವಳು ಅಳುವುದು ನಿಲ್ಲಿಸದಿದ್ದಾಗ ಸಮಾಧಾನ ಬೇರೆ ಹೇಳಿದ.

"ಆಡಿಗೆ ಮ್ಯಾಲಿನ ಮುಂಬಲ್ಲ ಇರೂದೇ ಇಲ್ಲವ್ವಾ. ಅದೇನ್ ಮೇಯೂದಿಲ್ಲೇನ?"

ಮರುದಿನ ಬಾಯಿ ಊದಿತೆಂದು ವಿಜಯಪುರಕ್ಕೆ ಕರೆದೊಯ್ದಾಗ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಹಲ್ಲು ಎಲ್ಲಿ?" ಹಾಲಿನಲ್ಲಿ ಹಾಕಿಕೊಂಡು ಒಂದು ತಾಸಿನೊಳಗೆ ತಂದಿದ್ದರೆ ಅದನ್ನೇ ಮರಳಿ ಕೂಡಿಸಬಹುದಿತ್ತಂತೆ. ಕಾಕಾ ಊರಿಗೆ ಬಂದು ಮಾಳಿಗೆ ಹತ್ತಿ ಕತ್ತಲಾಗುವವರೆಗೆ ಹುಡುಕಿದನೆಂದು ಕಾಕಿ ಹೇಳುತ್ತಾಳೆ. ಹತ್ತಲೇ ಇಲ್ಲ, ಕೆಳಗೆ ಕೂತೇ ಇದ್ದ ಎಂದು ನನಗೆ ನೆನಪು. ಆ ದಿನ ನಾನು ಅಲ್ಲಿರಲೇ ಇಲ್ಲ ಎಂದು ಕಾಕಾ-ಕಾಕಿ ಇಬ್ಬರೂ ಹೇಳುತ್ತಾರೆ. ನನ್ನ ನೆನಪಿನ ಯೋಗ್ಯತೆ ಇಷ್ಟು! ನಿಜವಾಗಿ ಗೊತ್ತಿರುವುದು ಇದೊಂದೇ: ಬೆಳವಣಿಗೆ ಮುಗಿದ ಮೇಲೆ ಕಾಯಮ್ಮಾಗಿ ಹಲ್ಲು ಕೂಡಿಸೋಣ ಎಂದು ವೈದ್ಯರು ಸದ್ಯಕ್ಕೆ, ತೆಗೆದು ಮತ್ತೆ ಹಾಕಿಕೊಳ್ಳುವ ಕೃತಕ ಹಲ್ಲು ಕೊಟ್ಟರು. ಅಂದಿನಿಂದ ಅವಳು ನಗುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಮನೆಯ ಗೋಡೆಯ ಮೇಲೆ ಪದಕ ಹಾಕಿಕೊಂಡ ಫೋಟೋಗಳು ಬಹಳ ಇವೆ. ಒಂದರಲ್ಲೂ ತುಟಿ ತೆರೆದಿಲ್ಲ. ಅಪ್ಪ-ಮಗಳು ಆ ಹಲ್ಲಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಅವಳು ಮಾತಾಡುವಾಗ ಕಾಕಾ ಅವಳ ಕಾಲು ನೋಡುತ್ತಾನೆ.

ಆಗ ಬಂತು ಥರ್ಮಾಸು. ಕೆಂಪು ಬಣ್ಣದ್ದು, ಇಲ್ಲವೇ ನೀಲಿ. ಮುಚ್ಚಳಕ್ಕೆ ನೆಗ್ಗು ಬಿದ್ದಿರುವುದರ ಬಗ್ಗೆ ಮಾತ್ರ ಎಲ್ಲರಿಗೂ ಒಮ್ಮತವಿದೆ. ಅದರೊಳಗೆ ದಿನವೂ ಹೊಸದಾಗಿ ಕಾಸಿ ಆರಿಸಿದ ತಣ್ಣನೆಯ ಆಡಿನ ಹಾಲು. ಸಂತೆಗೆ, ಮದುವೆಗೆ, ಸತ್ತವರ ಮಣ್ಣಿಗೆ, ಎಲ್ಲಿಗೆ ಹೋದರೂ ಹೆಗಲಿಗೆ ಥರ್ಮಾಸು! ಯಾರಾದರೂ "ಕಾಕಾ, ಒಂದ್ ಗುಟುಕು ಚಾ ಹಾಕ್ರಿ" ಎಂದರೆ, "ನಿನ್ನ ಹಲ್ಲ ಉಚ್ಚಿ ಬಿದ್ರ ಹಾಕ್ತೇನಿ" ಎನ್ನುತ್ತಿದ್ದ. ಎಷ್ಟು ಜನ ಎರಡನೆಯ ಸಲ ಕೇಳಿದರೆಂದು ನೀವೇ ಊಹಿಸಿ.

ಮೊದಲ ಅವಕಾಶ ಒದಗಿದ್ದು ಬಬಲೇಶ್ವರದ ಬಸ್ಸಿನಲ್ಲಿ. ಅಡ್ಡ ಬಂದ ಎಮ್ಮೆಗಾಗಿ ಚಾಲಕ ಬ್ರೇಕು ಒತ್ತಿದ. ಮುಂದಿನ ಸೀಟಿನ ಅಜ್ಜನ ಬಾಯಿಂದ ಒಂದಲ್ಲ, ಎರಡಲ್ಲ, ಮೇಲಿನ ಸಾಲಿನ ಅಷ್ಟೂ ಹಲ್ಲು ಹಾರಿ ಕಾಕಾನ ಕಾಲಬುಡಕ್ಕೆ ಬಿದ್ದವು. ಕಾಕಾನಿಗೆ ಹಿಗ್ಗೋ, ಗಾಬರಿಯೋ! ತುದಿ ಹಿಡಿದು ಎತ್ತಿದ, ಥರ್ಮಾಸಿನ ಮುಚ್ಚಳಕ್ಕೆ ಹಾಲು ಬಗ್ಗಿಸಿ ಮುಳುಗಿಸಿದ, "ಗಾಡಿ ದವಾಖಾನಿಗೆ ಹೊಳ್ಳಸ್ರೀ!" ಎಂದು ಕೂಗಿದ. ಅಜ್ಜ ಬೊಚ್ಚುಬಾಯಿ ಬಿಟ್ಟು ಕೈ ಚಾಚಿದ.

"ಲೇ ಯಪ್ಪಾ, ಅವು ಕಟ್ಟಿಸಿದ್ದು. ಕೊಡ ಇಲ್ಲೆ. ಮನೀಗ್ ಹೋಗಿ ರೊಟ್ಟಿ ಉಣ್ಣೂದೈತಿ."

ನಾನೂ ಕಾಕಾನ ಕೈಗೆ ಸಿಕ್ಕವನೇ. ಒಮ್ಮೆ ದವಡೆ ನೋವು ತಾಳದೆ, ನೋವಿನ ಗುಳಿಗೆಯನ್ನು ಪುಡಿ ಮಾಡಿ ಹಲ್ಲಿನ ಬುಡಕ್ಕೆ ಮೆತ್ತಿಕೊಂಡಿದ್ದೆ. ಒಸಡು ಸುಟ್ಟು ಬೆಳ್ಳಗಾಯಿತು. ಕಾಕಾ ತಿಕೋಟಾದಿಂದ ಬಂದು ಟಾರ್ಚು ಹಾಕಿ ನೋಡಿದ.

"ಗುಳಿಗಿ ನುಂಗಾಕ ಕೊಟ್ಟಾರಲೇ ತಮ್ಮಾ, ಗ್ವಾಡಿಗೆ ಗಿಲಾವ್ ಮಾಡಾಕ ಅಲ್ಲ! ಉಗುರಬೆಚ್ಚಗ ಉಪ್ಪುನೀರ್ ಮುಕ್ಕಳಿಸು. ಗಲ್ಲಕ್ಕ ಹೊರಗಿಂದ ತಣ್ಣೀರ್ ಅರಬಿ ಇಡು. ಆಮ್ಯಾಲ ನಡಿ, ಡಾಕ್ಟರಿಗೆ ತೋರಸೂಣು. ನೋವ್ ನಿಂತ್ರ ರೋಗ ಹೋತು ಅಂತ ತಿಳಕೊಂಡೀಯೇನ?"

ಇದೆಲ್ಲ ಅವನಿಗೆ ಹೇಗೆ ಗೊತ್ತು ಎನ್ನುವಿರಾ? ಮಗಳ ಹಲ್ಲು ಹೋದ ಮೇಲೆ ಆ ವೈದ್ಯರ ಬಾಗಿಲಿಗೆ ಎಷ್ಟೋ ಸಲ ಹೋಗಿ, ಸರದಿಯಲ್ಲಿ ಕೂತು, ತನ್ನ ಬಾಯಿ ತೋರಿಸದೆ ಬರೀ ಪ್ರಶ್ನೆ ಕೇಳಿ ಬಂದಿದ್ದಾನೆ. ಕೊನೆಗೆ ವೈದ್ಯರೇ ಬೇಸತ್ತು ಎಲ್ಲವನ್ನೂ ಹೇಳಿಕೊಟ್ಟರಂತೆ.

ಆದರೆ ನಿಡೋಣಿಯ ಪ್ರಸಂಗದ ನಂತರ ನಾನು ಕಾಕಾನನ್ನು ನೋಡಿ ನಗುವುದನ್ನು ಕಡಿಮೆ ಮಾಡಿದೆ. ನನ್ನ ಅಕ್ಕನ ಮಗಳಿಗೆ ಗಂಡು ನೋಡಲು ಹೋಗಿದ್ದೆವು. ಹುಡುಗ ಒಂದು ಗಲ್ಲಕ್ಕೆ ಟವೆಲ್ಲು ಒತ್ತಿಕೊಂಡೇ ಬಂದು ಕೂತ. ಏನೋ ಹುಳ ಕಡಿದಿದೆ ಎಂದರು ಮನೆಯವರು. ಅವಲಕ್ಕಿ ಬಂತು, ಹುಡುಗ ಮುಟ್ಟಲಿಲ್ಲ. ನೀರನ್ನೂ ನುಂಗಲಾರದೆ ಒದ್ದಾಡಿದ. ಕಾಕಾ ಎದ್ದು ಹೋಗಿ ಅವನ ಹಣೆ ಮುಟ್ಟಿದ, ಗದ್ದದ ಕೆಳಗೆ ಒತ್ತಿ ನೋಡಿದ, "ಬಾಯಿ ತಗಿ" ಎಂದ. ಹುಡುಗನಿಗೆ ಒಂದು ಬೆರಳಿನಷ್ಟೂ ತೆರೆಯಲಾಗಲಿಲ್ಲ. ಹುಡುಗನ ಸೋದರಮಾವ ಸಿಟ್ಟಿಗೆದ್ದ.

"ಏನ್ರೀ, ವರಾ ನೋಡಾಕ ಬಂದೀರೋ, ಹೋತಾ ಖರೀದಿ ಮಾಡಾಕ ಬಂದೀರೋ?"

"ಹೋತಾ ಆಗಿದ್ರ ಇಷ್ಟೊತ್ತಿಗೆ ಡಾಕ್ಟರ ಹಂತ್ಯಾಕ ಒಯ್ದಿರ್ತಿದ್ರಿ! ಬಾವು ಕುತಿಗಿಗೆ ಇಳದೈತಿ, ಜ್ವರ ಬಂದಾವ, ಉಗುಳ ನುಂಗಾಕ ಬರವಲ್ದು. ಇದು ಲವಂಗದ ಎಣ್ಣಿ ಕೆಲಸ ಅಲ್ಲರಿ. ಈಗಿಂದೀಗ ದೊಡ್ಡ ದವಾಖಾನಿ. ವರಾ ಉಳದ್ರ ಲಗ್ನದ ಮಾತ ಆಮ್ಯಾಲ ಆಡೂಣು."

ನಾವು ಬಂದ ಜೀಪಿನಲ್ಲೇ ಹುಡುಗನನ್ನು ವಿಜಯಪುರಕ್ಕೆ ಒಯ್ದರು. ನಮಗೆ ವಾಪಸು ಬಸ್ಸು! ಹಲ್ಲಿನ ಬುಡದ ಕೀವು ಕುತ್ತಿಗೆಗೆ ಇಳಿದಿತ್ತು, ಇನ್ನೊಂದು ದಿನ ಬಿಟ್ಟಿದ್ದರೆ ಉಸಿರಿಗೇ ಸಂಚಕಾರವಿತ್ತು ಎಂದರಂತೆ ಆಸ್ಪತ್ರೆಯಲ್ಲಿ. ಆ ಹುಡುಗ ಈಗ ನಮ್ಮ ಅಳಿಯ. ಕಾಕಾ ಕಂಡರೆ ಕಾಲಿಗೆ ಬೀಳುವ ಮೊದಲು ಬಾಯಿ ತೆರೆಯುತ್ತಾನೆ.

ಊರು ಹೆಮ್ಮೆಪಟ್ಟಿತು. ನಾನಂತೂ ಕಚೇರಿಯಲ್ಲಿ ಎಲ್ಲರಿಗೂ, ಆ ಸಾಹೇಬರಿಗೂ, ಹೇಳಿಕೊಂಡು ಬಂದೆ. ಆದರೆ ಕಾಕಾನ ಥರ್ಮಾಸಿನ ಹಾಲು ಮಾತ್ರ ದಿನವೂ ಸಂಜೆ ನಾಯಿಯ ಪಾಲಾಗುತ್ತಿತ್ತು. ಒಂದು ಹಲ್ಲು, ಒಂದೇ ಒಂದು ಹಲ್ಲನ್ನು ಮರಳಿ ಅದರ ಜಾಗಕ್ಕೆ ಕೂಡಿಸಬೇಕೆಂಬುದು ಅವನ ಹಟ. ಹಾಗೆ ಒಂಬತ್ತು ವರ್ಷ ಕಳೆದವು.

ಹೋದ ಚಳಿಗಾಲದಲ್ಲಿ ಕಾಕಾನ ಮಗಳು ಚಿಕ್ಕ ಹುಡುಗಿಯರಿಗೆ ಸೈಕಲ್ ಕಲಿಸುತ್ತಿದ್ದಳು. ಒಂದು ಬೆಳಿಗ್ಗೆ ಇಟ್ಟಂಗಿಹಾಳದ ಹತ್ತಿರ, ಹನ್ನೆರಡರ ಹುಡುಗಿಯೊಬ್ಬಳು ಉಸುಕಿನಲ್ಲಿ ಜಾರಿ ಬಿದ್ದಳು. ಮೇಲಿನ ಮುಂಬಲ್ಲೇ ಹೋಯಿತು. ಕಾಕಾ ಅದೇ ಊರಲ್ಲಿ ಆಡು ನೋಡುತ್ತಿದ್ದ. ಮಗಳ ಫೋನು ಬಂದದ್ದೇ ತಡ, ಹಿಡಿದ ಆಡಿನ ತುಟಿ ಅಲ್ಲೇ ಬಿಟ್ಟು ಮೋಟಾರುಸೈಕಲ್ ಹತ್ತಿದ. ಮಗಳು ಹಲ್ಲು ಹುಡುಕಿ, ಬೇರು ಮುಟ್ಟದೆ, ಬಿಳಿ ತುದಿಯಲ್ಲಿ ಹಿಡಿದುಕೊಂಡು ನಿಂತಿದ್ದಳು. ದಾರಿಹೋಕರೊಬ್ಬರು ಪುಣ್ಯಕ್ಕೆಂದು ಅದನ್ನು ಧೋತರದ ಚುಂಗಿನಿಂದ ತಿಕ್ಕಲು ಮುಂದಾಗಿದ್ದರು.

"ತಿಕ್ಕಬ್ಯಾಡ್ರೀ ಯಪ್ಪಾ! ಬೇರಿನ ಜೀವಾ ಹೋಗ್ತೈತಿ!" ಎಂದು ಕಾಕಾ ದೂರದಿಂದಲೇ ಅಬ್ಬರಿಸಿದ. ಆಮೇಲೆ ಮೆತ್ತಗೆ ಹುಡುಗಿಯ ಮುಂದೆ ಕುಕ್ಕರಿಸಿದ. "ತಲಿಗೆ ಪೆಟ್ಟಾಗೇತೇನವ್ವಾ? ವಾಂತಿ ಬಂದಂಗ ಆಗ್ತೈತೇನ? ಇಲ್ಲ? ಶಾಣ್ಯಾಕಿ. ಈ ಅರಬಿ ಕಚ್ಚಿ ಹಿಡಿ."

ಹಲ್ಲಿನ ಮಣ್ಣನ್ನು ಹಾಲು ಸುರಿದು ತೊಳೆದ, ಉಳಿದ ಹಾಲಿನಲ್ಲಿ ಹಾಕಿದ. ದ್ರಾಕ್ಷಿ ಪೆಟ್ಟಿಗೆ ತುಂಬಿದ ಟಂಟಂ ಗಾಡಿಯೊಂದು ಸಿಕ್ಕಿತು. ಪೆಟ್ಟಿಗೆಗಳ ನಡುವೆ ಹುಡುಗಿ, ಅವಳನ್ನು ಹಿಡಿದುಕೊಂಡು ಕಾಕಾನ ಮಗಳು, ಥರ್ಮಾಸನ್ನು ಎರಡೂ ಕೈಯಲ್ಲಿ ಹಿಡಿದ ಕಾಕಾ. ಹುಡುಗಿ ಬಟ್ಟೆ ಕಚ್ಚಿಕೊಂಡೇ ಅಳುತ್ತ ಕೇಳಿದಳಂತೆ:

"ಅಜ್ಜಾ, ನನ್ನ ಹಲ್ಲ ಇನ್ಮ್ಯಾಲ ಆಡಿನ ವಾಸನಿ ಬರ್ತೈತೇನು?"

"ಬಂದ್ರ ಬರ್ಲೇಳು. ಹಲ್ಲ ನಿಂದ ಇರ್ತೈತಲ್ಲ ಬೇ!"

ಫೋನಿನಲ್ಲಿ ಸುದ್ದಿ ತಿಳಿದು ನಾನು ಹುಡುಗಿಯ ಅಪ್ಪ-ಅವ್ವನನ್ನು ಕರೆದುಕೊಂಡು ವಿಜಯಪುರದ ದವಾಖಾನೆ ಮುಟ್ಟುವಷ್ಟರಲ್ಲಿ ಅದೇ ಹಳೆಯ ವೈದ್ಯರು ಹಲ್ಲನ್ನು ಅದರ ಜಾಗಕ್ಕೆ ಕೂಡಿಸಿ, ಅಕ್ಕಪಕ್ಕದ ಹಲ್ಲುಗಳಿಗೆ ತೆಳ್ಳನೆಯ ತಂತಿಯಿಂದ ಬಿಗಿದಿದ್ದರು. ಬಿದ್ದು ಇನ್ನೂ ಮುಕ್ಕಾಲು ತಾಸೂ ಆಗಿರಲಿಲ್ಲ. "ಹಿಡೀತೈತಿ ಅನಸ್ತದ. ಆದ್ರ ಬಂದು ತೋರಸ್ತಿರಬೇಕು" ಎಂದರು. ಹುಡುಗಿಯ ಅವ್ವ ಕಾಕಾನ ಕೈ ಹಿಡಿದುಕೊಂಡಳು. ಕಾಕಾ ಮೀಸೆ ತಿರುವುತ್ತಾನೆ, ಭಾಷಣ ಮಾಡುತ್ತಾನೆ ಎಂದು ನಾನು ಕಾದೆ. ಅವನು ಗೋಡೆಯ ಕಡೆ ಮುಖ ಮಾಡಿ ಥರ್ಮಾಸಿನ ಮುಚ್ಚಳ ತಿರುಗಿಸುತ್ತಲೇ ಇದ್ದ.

ಹುಡುಗಿ ಕುರ್ಚಿಯಿಂದ ಇಳಿದಳು. ಕಾಕಾನ ಮಗಳು ಹೋಗಿ ಅದರಲ್ಲಿ ಕೂತಳು.

"ಡಾಕ್ಟರ್ ಸಾಹೇಬ್ರ, ಈಗ ನಂದೂ ನೋಡ್ರಿ. ನಾ ಬೆಳಿಯೂದು ಮುಗದು ಭಾಳ ದಿನಾ ಆತು."

ಕಾಕಾ ಬಾಗಿಲ ಕಡೆ ಹೆಜ್ಜೆ ಹಾಕಿದ.

"ಎಲ್ಲಿ ಹೊಂಟಿ ಅಪ್ಪಾ? ಇಲ್ಲೆ ನಿಂದ್ರು. ನೋಡು."

ಅವಳು ಹಾಕಿಕೊಂಡ ಹಲ್ಲು ತೆಗೆದು ಬಾಯಿ ತೆರೆದಳು. ಕಾಕಾ ಬಗ್ಗಿ ನೋಡಿದ. ಎಷ್ಟು ಹೊತ್ತು ಎಂದು ಕೇಳಬೇಡಿ. ನಾನು ಒಂದು ನಿಮಿಷ ಎನ್ನುತ್ತೇನೆ, ವೈದ್ಯರು ಅದಕ್ಕಿಂತ ಹೆಚ್ಚು ಎನ್ನುತ್ತಾರೆ.

"ತಪ್ಪಾತವ್ವಾ" ಎಂದ.

ವೈದ್ಯರ ಕನ್ನಡಿ ಬಾಯೊಳಗಿತ್ತು. ಅವಳು ಕೈ ಚಾಚಿ ಅವನ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದಳು, ಬಿಡಲಿಲ್ಲ.