ಇರುವೆ ಮುತ್ತಿದ ಡಾಕ್ಟರೇಟು

ಇಪ್ಪತ್ತೆರಡನೆಯ ವಯಸ್ಸಿಗೇ ಭೌತಶಾಸ್ತ್ರದಲ್ಲಿ ಡಾಕ್ಟರೇಟು ಮುಗಿಸಲು ಹೊರಟವನಿಗೆ ಮೀಸೆ ಸರಿಯಾಗಿ ಬಂದಿರುವುದಿಲ್ಲ; ಅಹಂಕಾರ ಮಾತ್ರ ಪೂರ್ತಿ ಬಂದಿರುತ್ತದೆ. ಐವತ್ತರ ದಶಕದ ಕೊನೆಯಲ್ಲಿ ಆ ಮಹಾಶಯ ನಾನೇ ಆಗಿದ್ದೆ.

ನನ್ನ ಪ್ರಬಂಧದ ವಸ್ತು ಒಂದು ಜಾತಿಯ ಉಪ್ಪಿನ ಹರಳು. ಒತ್ತಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ತಿರುವನಂತಪುರದ ಪ್ರಯೋಗಶಾಲೆಯಲ್ಲಿ ಅದನ್ನು ಮಗುವಿನಂತೆ ಸಾಕಿ ಬೆಳೆಸಿದ್ದೆ. ಮೌಖಿಕ ಪರೀಕ್ಷೆಗೆ ಮುಂಚೆ ಚೆಂದದ ಕೆಲವು ಹರಳುಗಳನ್ನು ಅಮ್ಮನಿಗೆ ತೋರಿಸಲು ಕೊಚ್ಚಿಗೆ ತಂದೆ. ಅಪ್ಪ ಅಲ್ಲಿನ ವಿಲ್ಲಿಂಗ್ಡನ್ ಐಲ್ಯಾಂಡ್ ಬಂದರಿನಲ್ಲಿ ಕಸ್ಟಮ್ಸ್ ಗುಮಾಸ್ತರು. ಮನೆ ಅಲ್ಲೇ ಕ್ವಾರ್ಟರ್ಸಿನಲ್ಲಿ.

"ಕಲ್ಲುಸಕ್ಕರೆ ಹಾಗೇ ಉಂಟಲ್ಲ ಮಗಾ!" ಎಂದರು ಕಾಸರಗೋಡಿನ ನನ್ನಮ್ಮ.

"ಅಮ್ಮಾ, ಇದು ವಿಜ್ಞಾನ!"

ಹೊರಡುವಾಗ ನೋಡಿದರೆ ಚೀಲದಲ್ಲಿ ಪೇಪರಿನ ಪೊಟ್ಟಣ ಒಂದರ ಬದಲು ಎರಡು.

"ಇನ್ನೊಂದು ಎಂತದು?"

"ಕಲ್ಲುಸಕ್ಕರೆ. ದೊಡ್ಡವರ ಹತ್ರ ಬರಿಗೈಯಲ್ಲಿ ಹೋಗ್ಲಿಕ್ಕುಂಟಾ?"

"ಪರೀಕ್ಷಕರಿಗೆ ಕೊಟ್ರೆ ಅದು ಲಂಚ! ವಿಜ್ಞಾನಕ್ಕೇ ಅವಮಾನ!" ಎಂದು ಭಾಷಣ ಬಿಗಿದು, ಒಂದು ಪೊಟ್ಟಣವನ್ನು ಮೇಜಿನ ಮೇಲೆ ಕುಕ್ಕಿ ಬಸ್ಸು ಹತ್ತಿದೆ. ಯಾವುದನ್ನು ಕುಕ್ಕಿದೆ ಎಂದು ಬಿಚ್ಚಿ ನೋಡುವ ಗೋಜಿಗೆ ಹೋಗಲಿಲ್ಲ.

ಮರುದಿನ ಪರೀಕ್ಷೆ. ಮದ್ರಾಸಿನಿಂದ ಬಂದಿದ್ದ ಪರೀಕ್ಷಕರು, "ಎಲ್ಲಿ, ಒತ್ತಿ ತೋರಿಸಿ" ಎಂದರು. ಗಾಜಿನ ತಟ್ಟೆಗೆ ಹರಳುಗಳನ್ನು ಸುರಿದು, ಒಂದನ್ನು ಯಂತ್ರಕ್ಕೆ ಸಿಕ್ಕಿಸಿ ಗಂಭೀರವಾಗಿ ಒತ್ತಿದೆ. ವಿದ್ಯುತ್ತು ಅಳೆಯುವ ಮೀಟರಿನ ಮುಳ್ಳು ಅಲುಗಲಿಲ್ಲ. ಇನ್ನೂ ಒತ್ತಿದೆ. ಹರಳು ಪುಡಿಯಾಯಿತು. ಮುಳ್ಳು ಅಲ್ಲೇ!

ಅಷ್ಟರಲ್ಲಿ ಮೇಜಿನ ಅಂಚಿನಿಂದ ಒಂದು ಇರುವೆ ಬಂತು. ಹಿಂದೆಯೇ ಅದರ ಬಂಧುಬಳಗವೂ ಬಂದು ತಟ್ಟೆಗೆ ಮುತ್ತಿಕೊಂಡಿತು.

"ನಿಮ್ಮ ಉಪ್ಪಿಗೆ ಇರುವೆ ಮುತ್ತುವ ವಿಚಾರ ಪ್ರಬಂಧದಲ್ಲಿ ಇಲ್ಲವಲ್ಲ?" ಎಂದರು ಪರೀಕ್ಷಕರು.

ಉಪ್ಪಿನ ಹರಳಿನ ಮೇಲೆ ಇಡೀ ಪ್ರಬಂಧ ಬರೆದವನು ನಾನು. ಗುರುತು ಹಿಡಿದದ್ದು ಇರುವೆ!

"ಸರ್... ಇದು ಅಮ್ಮನ ಕಲ್ಲುಸಕ್ಕರೆ."

ಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದ ನನ್ನ ಗುರುಗಳು ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡರು. ಡಾಕ್ಟರೇಟು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಪರೀಕ್ಷಕರು ಕೇಳಿದರು: "ಇರಲಿ. ಸಕ್ಕರೆಯ ಹರಳನ್ನು ಒತ್ತಿದರೆ ವಿದ್ಯುತ್ತು ಬರುತ್ತದೋ, ಇಲ್ಲವೋ?"

"ಬರಲೇಬೇಕು ಸರ್! ತೀರಾ ಕಮ್ಮಿ. ಈ ಮುಳ್ಳಿಗೆ ಕಾಣಿಸುವುದಿಲ್ಲ!" ಎಂದು ಸೀಮೆಸುಣ್ಣ ಹಿಡಿದೆ. ಯಾಕೆ, ಹೇಗೆ, ಎಷ್ಟು ಎಂದು ಹಲಗೆ ತುಂಬ ಬರೆದೆ. ಅವರು ಪೂರ್ತಿ ಓದಿದರು. ಆಮೇಲೆ ಒಂದು ತುಂಡೆತ್ತಿ, ಇರುವೆ ಕೊಡವಿ, ಬಾಯಿಗೆ ಹಾಕಿಕೊಂಡು, "ಚೆನ್ನಾಗಿದೆ, ಡಾಕ್ಟರ್!" ಎಂದು ಕೈ ಕುಲುಕಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತೆ. ಹೋದ ಜೀವ ಮರಳಿ ಬಂದಿತ್ತು. ಬದುಕಿನಲ್ಲಿ ಅಷ್ಟು ನಿರಾಳ ಮತ್ತೆಂದೂ ಆಗಿಲ್ಲ.

ಕೊಚ್ಚಿಗೆ ಮರಳಿದರೆ ಅಮ್ಮನ ಮುಖ ಸಪ್ಪಗಿತ್ತು.

"ನೀನು ಬಿಟ್ಟುಹೋದ ಕಲ್ಲುಸಕ್ಕರೆಯನ್ನು ದೇವರಿಗಿಟ್ಟು, ನಿನ್ನ ಹೆಸರಲ್ಲಿ ಅಕ್ಕಪಕ್ಕದವರಿಗೆಲ್ಲ ಹಂಚಿದೆ. ಎಂತ ಅಂಗಡಿಯವನೋ, ಅದು ಉಪ್ಪುಪ್ಪು! ಪ್ರಸಾದ ಅಲ್ವಾ, ಪಾಪ, ಯಾರೂ ಉಗುಳ್ಲಿಲ್ಲ."

ಅದು ನನ್ನ ಹರಳು! ಹಿಂದಿನ ಕಾಲದಲ್ಲಿ ಆ ಉಪ್ಪನ್ನು ಭೇದಿಯಾಗಲೆಂದು ಕೊಡುತ್ತಿದ್ದರೆಂದು ಪ್ರಬಂಧದ ಮೊದಲ ಅಧ್ಯಾಯದಲ್ಲಿ ನಾನೇ ಬರೆದಿದ್ದೆ!

ಆಗಲೇ ಬಾಗಿಲಲ್ಲಿ ಪಕ್ಕದ ಮನೆಯ ಮುದುಕರು, ಕುರುಪ್ ಚೇಟ್ಟನ್, ಕಾಣಿಸಿಕೊಂಡರು. ವರ್ಷಗಟ್ಟಲೆಯ ಮಲಬದ್ಧತೆಯವರು. ಬೈಯಲಿಕ್ಕೇ ಬಂದರೆಂದು ಕೈಮುಗಿದು ನಿಂತೆ. ಅವರ ಮುಖದಲ್ಲೂ ಆ ಮೆಟ್ಟಿಲ ಮೇಲಿನ ನನ್ನದೇ ನಿರಾಳ!

"ಮೋನೇ," ಎಂದರು ಮೆಲ್ಲಗೆ, "ಆ ಕಲ್ಕಂಡಂ ಇನಿಯುಂ ಉಂಡೋ?" ಮಗಾ, ಆ ಕಲ್ಲುಸಕ್ಕರೆ ಇನ್ನೂ ಉಂಟೋ ಎಂದು!

ನನ್ನ ಪ್ರಬಂಧವನ್ನು ಇಂದಿನವರೆಗೆ ಒಬ್ಬರೂ ಕೇಳಿಲ್ಲ. ಹರಳನ್ನು ಮಾತ್ರ ಕುರುಪ್ ಚೇಟ್ಟನ್ ಇರುವ ತನಕ ಕೇಳುತ್ತಿದ್ದರು.